ಸಂಶೋಧನಾ ಲೇಖನದ ಆಕರಪಟ್ಟಿ: ಬರೆಯುವುದು ಹೇಗೆ?

ಶಹಾಬಾದ್ ಕಲ್ಲನ್ನು ಕುರಿತ ನಮ್ಮ ಸಂವಾದ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಕಲ್ಲಿನ ವಿಷಯ ಕೇಳಿದವರು ಕಡಿಮೆ. ಅತಿಥಿಯಾಗಿ ಬಂದಿದ್ದ ಸೇಡಂನ ಉಪನ್ಯಾಸಕರೊಬ್ಬರು ಕೊನೆಯ ಒಂದೆರಡು ನಿಮಿಷಗಳಲ್ಲಿ ತೋಡಿಕೊಂಡ ಅಳಲಿನ ಬಗ್ಗೆಯೇ ಹೆಚ್ಚಿನವರು ಬರೆದಿದ್ದಾರೆ. ಬರೆದವರಲ್ಲಿ ಕಾಲೇಜು ಅಧ್ಯಾಪಕರಿದ್ದಾರೆ, ಎಂ.ಎಸ್ಸಿ. ವಿದ್ಯಾರ್ಥಿಗಳಿದ್ದಾರೆ, ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರೊಬ್ಬರೂ ಇದ್ದಾರೆ. ಎಲ್ಲರ ಪ್ರಶ್ನೆ ಒಂದೇ: ವಿಜ್ಞಾನ ಪತ್ರಿಕೆಗೆ ಕಳಿಸುವ ಲೇಖನದ ಕೊನೆಯಲ್ಲಿ ಹಾಕುವ ರೆಫರೆನ್ಸ್ ಪಟ್ಟಿಗೆ ಇಷ್ಟು ಮಹತ್ವವೇಕೆ, ಅದನ್ನು ಸರಿಯಾಗಿ ಬರೆಯುವುದು ಹೇಗೆ? ಪರದೆಯ ಮೇಲೆ ಕಾಮಾ, ಕೋಲನ್‌ಗಳನ್ನು ತೋರಿಸುತ್ತ ಕುಳಿತರೆ ನೀವು ಬೇರೆ ಚಾನೆಲ್ ಹಾಕುತ್ತೀರಿ ಎಂಬುದು ನನಗೆ ಗೊತ್ತು. ಆದ್ದರಿಂದ ಈ ಪುಟಗಳಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಉಪನ್ಯಾಸಕರ ವಿಷಯ. ಶಹಾಬಾದ್, ವಾಡಿ, ಚಿತ್ತಾಪುರದ ಸುತ್ತ ಫರಸಿ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳಲ್ಲಿ ಮಳೆನೀರು ನಿಲ್ಲುತ್ತದೆ. ಆ ನೀರಿಗೂ ಅಕ್ಕಪಕ್ಕದ ಬಾವಿಗಳ ನೀರಿನ ಮಟ್ಟಕ್ಕೂ ಏನಾದರೂ ಸಂಬಂಧವಿದೆಯೇ ಎಂದು ಅವರು ವಿದ್ಯಾರ್ಥಿಗಳೊಡನೆ ಐದು ಬೇಸಿಗೆ ಅಳೆದಿದ್ದಾರೆ. ಹೋಲಿಕೆಗೆಂದು ಚಿಂಚೋಳಿ ಕಡೆಯ, ಖಣಿಗಳಿಲ್ಲದ ಕೆಲವು ಹಳ್ಳಿಗಳ ಬಾವಿಗಳನ್ನೂ ಸೇರಿಸಿಕೊಂಡಿದ್ದಾರೆ. ಆ ಸೀಮೆಯ ಏಪ್ರಿಲ್, ಮೇ ತಿಂಗಳ ಬಿಸಿಲು ಎಂಥದೆಂದು ಉಂಡವರೇ ಬಲ್ಲರು. ಅಷ್ಟು ಕಷ್ಟಪಟ್ಟು ಬರೆದ ಲೇಖನ ಎಂಟೇ ದಿನಗಳಲ್ಲಿ ವಾಪಸು ಬಂತು. ತಜ್ಞರ ಪರಿಶೀಲನೆಗೂ ಅದು ಹೋಗಿರಲಿಲ್ಲ. ಸಂಪಾದಕರ ಕಚೇರಿಯ ಒಕ್ಕಣೆ ಎರಡೇ ಸಾಲು: ಆಕರಪಟ್ಟಿ ನಮ್ಮ ನಮೂನೆಯಲ್ಲಿಲ್ಲ, ಲೇಖನದೊಳಗೆ ಹೆಸರಿಸಿದ ಏಳು ಮೂಲಗಳು ಪಟ್ಟಿಯಲ್ಲಿಲ್ಲ, ಪಟ್ಟಿಯಲ್ಲಿರುವ ನಾಲ್ಕು ಮೂಲಗಳು ಲೇಖನದಲ್ಲಿಲ್ಲ.

“ಐದು ವರ್ಷ ಬಿಸಲಾಗ ತಿರಗೀನ್ರಿ ಸರ. ಅವರು ನೀರು ನೋಡಲಿಲ್ಲ, ಕಾಮಾ ನೋಡಿ ಹೊಳ್ಳಿ ಕಳಿಸ್ಯಾರ” ಎಂದರು ಅವರು.

ನನಗೂ ಆಗ ಹಾಗೆಯೇ ಅನಿಸಿತು. ನಾನೂ ವಿಜ್ಞಾನ ಪದವೀಧರನೇ. ಆದರೆ ಆಕರಪಟ್ಟಿ ಎಂದರೆ ಊಟದ ಕೊನೆಯಲ್ಲಿ ಬರುವ ಎಲೆ ಅಡಿಕೆಯಂತೆ ಎಂದು ತಿಳಿದುಕೊಂಡಿದ್ದವನು. ಚಿತ್ರೀಕರಣ ಮುಗಿದ ಸಂಜೆ ಸೇಡಂನಲ್ಲಿ ಅವರ ಮನೆಗೆ ಹೋಗಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮುಗಿಸಿ, ಆ ಪಟ್ಟಿಯನ್ನು ಒಂದೊಂದೇ ಸಾಲಾಗಿ ನೋಡುತ್ತ ಕುಳಿತೆವು. ಒಟ್ಟು 38 ಮೂಲಗಳು. ಏಳುವಾಗ ಮಧ್ಯರಾತ್ರಿಯಾಗಿತ್ತು, ನನ್ನ ಅಭಿಪ್ರಾಯವೂ ಬದಲಾಗಿತ್ತು. ಆ ರಾತ್ರಿ ಏನು ಕಂಡೆವೆಂಬುದನ್ನು ಹೇಳುವ ಮುನ್ನ ಕೆಲವು ಮೂಲ ಸಂಗತಿಗಳು.

ಆಕರ ತೋರಿಸುವ ಕೆಲಸಕ್ಕೆ ಎರಡು ತುದಿಗಳಿವೆ. ಒಂದು, ಲೇಖನದ ಒಳಗೆ ಆ ಮಾತು ಬರುವ ಜಾಗದಲ್ಲಿಯೇ ಹಾಕುವ ಚಿಕ್ಕ ಗುರುತು. ಇದನ್ನು ಉಲ್ಲೇಖ ಎನ್ನೋಣ. ಇನ್ನೊಂದು, ಕೊನೆಯ ಪುಟದ ಪಟ್ಟಿಯಲ್ಲಿ ಅದೇ ಮೂಲದ ಪೂರ್ಣ ವಿಳಾಸ. ಗುರುತಿಗೊಂದು ವಿಳಾಸ, ವಿಳಾಸಕ್ಕೊಂದು ಗುರುತು ಇರಲೇಬೇಕು. ನಮ್ಮ ಟೇಪು ಭಂಡಾರದಲ್ಲಿಯೂ ಇದೇ ಪದ್ಧತಿ: ರಿಜಿಸ್ಟರಿನಲ್ಲಿ ಒಂದು ಸಂಖ್ಯೆ, ಡಬ್ಬಿಯ ಮೇಲೆ ಅದೇ ಸಂಖ್ಯೆ. ಎರಡೂ ತಾಳೆಯಾಗದ ಟೇಪು ಕಪಾಟಿನಲ್ಲಿದ್ದರೂ ಇಲ್ಲದ ಹಾಗೆ. ಅದರ ಮೇಲೆ ಎಷ್ಟು ಒಳ್ಳೆಯ ಸಂದರ್ಶನವಿದ್ದರೇನು!

ಪೂರ್ಣ ವಿಳಾಸದಲ್ಲಿ ಏನೇನಿರಬೇಕು? ಎಲ್ಲರಿಗೂ ಗೊತ್ತಿರುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ರಾಮನ್ ಪರಿಣಾಮವನ್ನು ಜಗತ್ತಿಗೆ ತಿಳಿಸಿದ ಟಿಪ್ಪಣಿಯನ್ನು ಬರೆದವರು ಇಬ್ಬರು: ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್. ವರ್ಷ 1928. ಶೀರ್ಷಿಕೆ ‘ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಷನ್’. ಪತ್ರಿಕೆ ‘ನೇಚರ್’. ಸಂಪುಟ 121. ಪುಟ 501ರಿಂದ 502. ಯಾರು, ಯಾವಾಗ, ಏನು, ಎಲ್ಲಿ, ಯಾವ ಸಂಪುಟ, ಯಾವ ಪುಟ, ಇಷ್ಟಿದ್ದರೆ ಕಲಬುರಗಿಯ ಓದುಗನೂ ಕ್ಯೋಟೊದ ಓದುಗನೂ ಅದೇ ಹಾಳೆಯ ಮುಂದೆ ಬಂದು ನಿಲ್ಲುತ್ತಾರೆ. ಈಚಿನ ಲೇಖನಗಳಿಗೆ ಡಿ.ಒ.ಐ. ಎಂಬ ಶಾಶ್ವತ ಸಂಖ್ಯೆಯೂ ಇರುತ್ತದೆ. 10 ಎಂಬ ಅಂಕಿಯಿಂದ ಆರಂಭವಾಗುವ ಈ ಸಂಖ್ಯೆ 2000ದಿಂದೀಚೆಗೆ ರೂಢಿಗೆ ಬಂತು; ಜಾಲತಾಣದ ವಿಳಾಸ ಬದಲಾದರೂ ಇದು ಬದಲಾಗುವುದಿಲ್ಲ. ಇದ್ದರೆ ಹಾಕಿ, ಹಾಕಿದ ಮೇಲೆ ಒತ್ತಿ ನೋಡಿ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ವಿಜ್ಞಾನ ದಿನದ ಕಾರ್ಯಕ್ರಮಕ್ಕೆ ಬರೆದ ನಿರೂಪಣೆಯಲ್ಲಿ ‘ಫೆಬ್ರವರಿ 28ರಂದು ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು’ ಎಂದು ಬರೆದುಬಿಟ್ಟಿದ್ದೆ. ಯಾವುದೋ ಹಳೆಯ ಸ್ಕ್ರಿಪ್ಟಿನಿಂದ ಎತ್ತಿದ ವಾಕ್ಯವದು. ಪ್ರಸಾರವಾದ ವಾರದಲ್ಲೇ ನಿವೃತ್ತ ಶಾಲಾ ಮಾಸ್ತರರೊಬ್ಬರ ಕಾರ್ಡು ಬಂತು: ಆ ಟಿಪ್ಪಣಿ ಅಚ್ಚಾದದ್ದು ಮಾರ್ಚ್ 31ರ ಸಂಚಿಕೆಯಲ್ಲಿ, ಅದರ ಕೆಳಗಿರುವ ದಿನಾಂಕ ಫೆಬ್ರವರಿ 16, ತಾವು ಮೂಲವನ್ನು ನೋಡಿಲ್ಲವೆಂದು ಕಾಣುತ್ತದೆ. ನಾನು ನೋಡಿರಲಿಲ್ಲ. ಎರಡೇ ಪುಟದ ಟಿಪ್ಪಣಿಯದು, ಓದಲು ಐದು ನಿಮಿಷ ಸಾಕು.

ಈಗ ನಮೂನೆಯ ಪ್ರಶ್ನೆ. ಪ್ರಪಂಚದಲ್ಲಿ ನೂರಾರು ನಮೂನೆಗಳಿದ್ದರೂ ಬುಡ ಎರಡೇ. ಮೊದಲನೆಯದರಲ್ಲಿ ಲೇಖನದೊಳಗೆ ಲೇಖಕರ ಹೆಸರು, ವರ್ಷ ಬರುತ್ತವೆ. ಕೊನೆಯ ಪಟ್ಟಿ ಅಕಾರಾದಿಯಾಗಿರುತ್ತದೆ. ಇದಕ್ಕೆ ಹಾರ್ವರ್ಡ್ ಪದ್ಧತಿ ಎಂಬ ಹೆಸರಿದೆ. ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಅವರು 1881ರಲ್ಲಿ ಚಿಪ್ಪಿಲ್ಲದ ಬಸವನಹುಳುವಿನ ಬಗ್ಗೆ ಬರೆದ ಲೇಖನದಲ್ಲಿ ಇದನ್ನು ಬಳಸಿದರು. ಎರಡನೆಯದರಲ್ಲಿ ಒಳಗೆ ಬರೀ ಅಂಕಿ, ಕೊನೆಯಲ್ಲಿ ಅದೇ ಅಂಕಿಯ ಕ್ರಮದಲ್ಲಿ ಪಟ್ಟಿ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿ ಒಪ್ಪಿಕೊಂಡದ್ದರಿಂದ ಇದರ ಒಂದು ರೂಪಕ್ಕೆ ಆ ಊರಿನ ಹೆಸರೇ ನಿಂತಿದೆ.

ನಮ್ಮ ಬೆಂಗಳೂರಿನಲ್ಲಿಯೇ ಎರಡಕ್ಕೂ ನಿದರ್ಶನಗಳಿವೆ. 1932ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಅಂಕಿಯ ಪದ್ಧತಿಯದು. 1959ರಿಂದ ಬರುತ್ತಿರುವ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆ ಹೆಸರು ಮತ್ತು ವರ್ಷದ ಪದ್ಧತಿಯದು. ಮೊದಲನೆಯದರಲ್ಲಿ ವರ್ಷ ಪತ್ರಿಕೆಯ ಹೆಸರಾದ ಮೇಲೆ ಬರುತ್ತದೆ, ಎರಡನೆಯದರಲ್ಲಿ ಲೇಖಕರ ಹೆಸರಾದ ಕೂಡಲೇ ಕಂಸದಲ್ಲಿ ಬರುತ್ತದೆ. ನಮ್ಮ ಸೇಡಂನ ಸ್ನೇಹಿತರು ಮಾಡಿದ್ದೇನೆಂದರೆ, ಮೊದಲು ಒಂದು ಪತ್ರಿಕೆಗೆಂದು ತಯಾರಿಸಿದ ಪಟ್ಟಿಯನ್ನು ಅರ್ಧ ತಿದ್ದಿ ಇನ್ನೊಂದಕ್ಕೆ ಕಳಿಸಿದ್ದು. ಮೊದಲ ಎರಡು ಪುಟ ಅಂಕಿ, ಮುಂದಿನ ಪುಟಗಳಲ್ಲಿ ಹೆಸರು. ಅಂಕಿಯ ಪದ್ಧತಿಯಲ್ಲಿ ಇನ್ನೊಂದು ತೊಡಕಿದೆ. ಮಧ್ಯದಲ್ಲಿ ಒಂದು ಪ್ಯಾರಾ ತೆಗೆದರೆ ಮುಂದಿನ ಎಲ್ಲ ಅಂಕಿಗಳೂ ಜಾರುತ್ತವೆ. ಹನ್ನೆರಡನೆಯವರು ಹೇಳಿದ ಮಾತು ಹದಿಮೂರನೆಯವರ ಬಾಯಿಗೆ ಹೋಗುತ್ತದೆ. ಆದ್ದರಿಂದ ಕರಡು ಬರೆಯುವ ತನಕ ಹೆಸರು, ವರ್ಷವನ್ನೇ ಇಟ್ಟುಕೊಂಡು, ಕಳಿಸುವ ಹಿಂದಿನ ದಿನ ಅಂಕಿಗೆ ಬದಲಿಸುವುದು ಕ್ಷೇಮ.

ಇದನ್ನೆಲ್ಲ ಕಂಪ್ಯೂಟರ್ ಮಾಡುವುದಿಲ್ಲವೇ ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದಾನೆ. ಮಾಡುತ್ತದೆ. 2006ರಲ್ಲಿ ಬಂದ ‘ಜೊಟೆರೊ’ ಎಂಬ ತಂತ್ರಾಂಶ ಉಚಿತ. ಒಂದು ಸಲ ಮೂಲಗಳನ್ನು ತುಂಬಿಟ್ಟರೆ ಯಾವ ಪತ್ರಿಕೆಯ ನಮೂನೆ ಬೇಕೋ ಅದಕ್ಕೆ ಕ್ಷಣದಲ್ಲಿ ಬದಲಿಸಿ ಕೊಡುತ್ತದೆ. ಚುಕ್ಕೆ, ಕಾಮಾ, ವಾರೆ ಅಕ್ಷರ ಎಲ್ಲವನ್ನೂ ಅದಕ್ಕೇ ಬಿಡಿ, ನಾನಂತೂ ಬೇಡವೆನ್ನುವುದಿಲ್ಲ. ಆದರೆ ನೀವು ತಪ್ಪು ತುಂಬಿದರೆ ಅದು ತಪ್ಪನ್ನೇ ಅಚ್ಚುಕಟ್ಟಾಗಿ ಜೋಡಿಸಿ ಕೊಡುತ್ತದೆ. ಅದಕ್ಕೆ ತಿಳಿಯದ ಎರಡು ವಿಷಯಗಳು ನಮ್ಮ ಕಡೆಯ ಲೇಖನಗಳಲ್ಲಿ ತುಂಬಾ ತೊಂದರೆ ಕೊಡುತ್ತವೆ. ಒಂದು ನಮ್ಮ ಹೆಸರುಗಳು, ಇನ್ನೊಂದು ನಮ್ಮ ಊರುಗಳು.

ಹೆಸರಿನ ವಿಚಾರ ನೋಡಿ. ಪಾಶ್ಚಾತ್ಯರ ಪಟ್ಟಿ ಮನೆತನದ ಹೆಸರಿನ ಮೇಲೆ ನಿಂತಿದೆ: ಅದು ಮೊದಲು, ಸ್ವಂತ ಹೆಸರಿನ ಮೊದಲಕ್ಷರ ಆಮೇಲೆ. ಕಲಬುರಗಿ, ಬೀದರ್ ಕಡೆ ಪಾಟೀಲ, ಕುಲಕರ್ಣಿ, ಹಿರೇಮಠ, ಬಿರಾದಾರ ಎಂದು ಅಡ್ಡಹೆಸರು ಇರುವುದರಿಂದ ಅಷ್ಟು ಕಷ್ಟವಿಲ್ಲ. ಮೈಸೂರು ಸೀಮೆಯಲ್ಲಿ ಹಾಗಲ್ಲ. ಭೂವೈಜ್ಞಾನಿಕ ಸಂಘದ ಪತ್ರಿಕೆಯನ್ನು ದೀರ್ಘಕಾಲ ಸಂಪಾದಿಸಿದ ಬಿ.ಪಿ. ರಾಧಾಕೃಷ್ಣ ಅವರ ಪೂರ್ಣ ಹೆಸರು ಬೆಂಗಳೂರು ಪುಟ್ಟಯ್ಯ ರಾಧಾಕೃಷ್ಣ. ಅವರನ್ನು ‘ಆರ್’ ಅಕ್ಷರದಡಿ ಹುಡುಕಬೇಕೇ ಹೊರತು ಬೆಂಗಳೂರಿನ ‘ಬಿ’ ಅಡಿಯಲ್ಲಿ ಅಲ್ಲ. ಆದರೆ ಪೂರ್ಣ ಹೆಸರು ಕೊಟ್ಟರೆ ಯಾವುದು ಊರು, ಯಾವುದು ತಂದೆ, ಯಾವುದು ಸ್ವಂತ ಎಂಬುದು ಯಂತ್ರಕ್ಕೆ ಹೇಗೆ ತಿಳಿಯಬೇಕು? ಅಡ್ಡಹೆಸರೇ ಇಲ್ಲದೆ ಶರಣಬಸಪ್ಪ ಎಂದು ಒಂದೇ ಹೆಸರಿರುವ ಹುಡುಗರು ಅರ್ಜಿ ನಮೂನೆಯ ಎರಡು ಖಾನೆ ತುಂಬಲು ಪಡುವ ಪಾಡು ಬೇರೆ. ಸಂಶೋಧನೆಗೆ ಇಳಿಯುವವರು ಮೊದಲ ಲೇಖನದಲ್ಲಿಯೇ ತಮ್ಮ ಹೆಸರಿನ ಒಂದು ರೂಪವನ್ನು ಗೊತ್ತುಮಾಡಿಕೊಂಡು ಕೊನೆಯ ತನಕ ಅದನ್ನೇ ಬಳಸಬೇಕು. 2012ರಿಂದ ‘ಆರ್ಕಿಡ್’ ಎಂಬ ಹದಿನಾರು ಅಂಕಿಯ ಗುರುತಿನ ಸಂಖ್ಯೆಯೂ ಲೇಖಕರಿಗೆ ಉಚಿತವಾಗಿ ಸಿಗುತ್ತದೆ, ಅದನ್ನು ಪಡೆದಿಟ್ಟುಕೊಳ್ಳಿ.

ಬೇರೆಯವರ ಹೆಸರನ್ನಂತೂ ನಮ್ಮಿಷ್ಟದಂತೆ ಒಡೆಯುವ ಹಾಗಿಲ್ಲ. ಭೀಮಾ ತೀರದ ಸುಣ್ಣಕಲ್ಲಿನ ವಿವರ ಕೊಟ್ಟ ಆರಂಭದ ಕೃತಿಗಳಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರದು ಮುಖ್ಯವಾದುದು. ‘ಮೆಮಾಯರ್ಸ್ ಆಫ್ ದಿ ಜಿಯಾಲಜಿಕಲ್ ಸರ್ವೆ ಆಫ್ ಇಂಡಿಯಾ’ ಮಾಲೆಯ 12ನೆಯ ಸಂಪುಟದ ಮೊದಲ ಭಾಗ, 1876. ಅವರ ಮನೆತನದ ಹೆಸರು ಫೂಟ್. ‘ಎಫ್’ ಅಡಿ ಬರಬೇಕು. ಆದರೆ ಬ್ರೂಸ್ ಫೂಟ್ ಎಂದೇ ಕರೆದು ರೂಢಿಯಾಗಿರುವುದರಿಂದ ‘ಬಿ’ ಅಡಿಯಲ್ಲಿ ಹಾಕಿದ ಪಟ್ಟಿಗಳೂ ಸಿಗುತ್ತವೆ. ಸೇಡಂನ ಪಟ್ಟಿಯಲ್ಲಿ ಅವರು ಎರಡು ಕಡೆ ಇದ್ದರು, ಇಬ್ಬರು ಬೇರೆ ಬೇರೆ ವ್ಯಕ್ತಿಗಳೆಂಬಂತೆ! ಮೂವರಿಗಿಂತ ಹೆಚ್ಚು ಲೇಖಕರಿದ್ದಾಗ ಒಳಗೆ ಮೊದಲನೆಯವರ ಹೆಸರಿನ ಜೊತೆ ‘ಎಟ್ ಆಲ್.’ ಎಂದು ಹಾಕುತ್ತಾರೆ. ಇದು ‘ಮತ್ತಿತರರು’ ಎಂಬ ಲ್ಯಾಟಿನ್ ಮಾತಿನ ಮೊಟಕು ರೂಪ. ಆದ್ದರಿಂದಲೇ ಚುಕ್ಕೆ ‘ಆಲ್’ ಆದ ಮೇಲೆ ಮಾತ್ರ, ‘ಎಟ್’ ಆದ ಮೇಲೆ ಇಲ್ಲ.

ಇನ್ನು ಊರುಗಳು. ವಾಡಿ ಎಂದರೆ ನಮಗೆ ಹೈದರಾಬಾದ್ ಕಡೆಯ ರೈಲು ದಾರಿ ಕವಲೊಡೆಯುವ ಜಂಕ್ಷನ್, ಸಿಮೆಂಟ್ ಕಾರ್ಖಾನೆ. ಭೂವಿಜ್ಞಾನದಲ್ಲಿ ವಾಡಿ ಎಂದರೆ ಅರಬ್ ದೇಶಗಳ ಒಣ ಹಳ್ಳ. ಶೀರ್ಷಿಕೆಯಲ್ಲಿ ‘ವಾಡಿ ಸುಣ್ಣಕಲ್ಲು’ ಎಂದಷ್ಟೇ ಬರೆದರೆ ನಿಮ್ಮ ಲೇಖನ ಈಜಿಪ್ಟ್, ಓಮಾನ್‌ಗಳ ಒಣ ಹಳ್ಳಗಳ ರಾಶಿಯಲ್ಲಿ ಮುಳುಗಿಹೋಗುತ್ತದೆ. ಶಹಾಬಾದ್ ಎಂಬ ಊರು ಹರಿಯಾಣದಲ್ಲಿದೆ, ಉತ್ತರ ಪ್ರದೇಶದಲ್ಲಿದೆ, ರಾಜಸ್ಥಾನದಲ್ಲಿದೆ. ಬಿಹಾರದಲ್ಲಿ ಒಂದು ಜಿಲ್ಲೆಯೇ ಇತ್ತು. ಚಿಂಚೋಳಿಗಳು ಮಹಾರಾಷ್ಟ್ರದಲ್ಲಿ ಎಷ್ಟೋ ಇವೆ. ಸೇಡಂ ಹಳೆಯ ಬರಹಗಳಲ್ಲಿ ಸೇರಂ ಆಗಿ ಸಿಗುತ್ತದೆ. ಗುಲಬರ್ಗಾ 2014ರ ನವೆಂಬರ್ 1ರಿಂದ ಕಲಬುರಗಿಯಾಯಿತು. ನಿಮ್ಮ ಲೇಖನದ ವಾಕ್ಯದಲ್ಲಿ ಕಲಬುರಗಿ ಎಂದೇ ಬರೆಯಿರಿ. ಆದರೆ 1980ರ ಲೇಖನವೊಂದರ ಶೀರ್ಷಿಕೆಯಲ್ಲಿ ಗುಲಬರ್ಗಾ ಎಂದಿದ್ದರೆ ಪಟ್ಟಿಯಲ್ಲಿ ಅದನ್ನು ಗುಲಬರ್ಗಾ ಎಂದೇ ಉಳಿಸಬೇಕು. ತಿದ್ದಿದರೆ ಅದು ಸಿಗುವುದಿಲ್ಲ. ಇದೇ ರೀತಿ ಹಿಂದೆ ‘ಭೀಮಾ ಸೀರೀಸ್’ ಎನ್ನುತ್ತಿದ್ದುದನ್ನು ಈಗ ‘ಭೀಮಾ ಗ್ರೂಪ್’ ಎನ್ನುತ್ತಾರೆ. ಹಳೆಯ ಶೀರ್ಷಿಕೆಯಲ್ಲಿ ಸೀರೀಸ್ ಹಾಗೆಯೇ ಇರಲಿ. ಸಿ. ಮಹದೇವನ್ ಅವರು ಭೀಮಾ ಶಿಲೆಗಳ ಬಗ್ಗೆ 1940ರ ದಶಕದಲ್ಲಿ ಬರೆದದ್ದು ಹೈದರಾಬಾದ್ ಸಂಸ್ಥಾನದ ಭೂಸರ್ವೇಕ್ಷಣಾ ಇಲಾಖೆಯ ಪತ್ರಿಕೆಯಲ್ಲಿ. 1956ರಲ್ಲಿ ಆ ರಾಜ್ಯವೇ ವಿಂಗಡವಾಗಿಹೋಯಿತು. ಹಾಗೆಂದು ಪತ್ರಿಕೆಯ ಹೆಸರನ್ನು ಕರ್ನಾಟಕಕ್ಕೋ ತೆಲಂಗಾಣಕ್ಕೋ ವರ್ಗಾಯಿಸುವಂತಿಲ್ಲ.

ಸ್ಥಳ ಹೇಳುವಾಗ ಅಕ್ಷಾಂಶ, ರೇಖಾಂಶದ ಜೊತೆಗೆ ಸರ್ವೆ ಆಫ್ ಇಂಡಿಯಾ ನಕಾಶೆಯ ಹಾಳೆಯ ಸಂಖ್ಯೆಯನ್ನೂ ಕೊಡುವುದು ಒಳ್ಳೆಯದು. ಶಹಾಬಾದ್, ವಾಡಿ ಬರುವುದು 56 ಸಿ ಹಾಳೆಯಲ್ಲಿ. ಚಿತ್ತಾಪುರ, ಸೇಡಂ, ಚಿಂಚೋಳಿ ಬರುವುದು 56 ಜಿ ಹಾಳೆಯಲ್ಲಿ. ಊರಿನ ಹೆಸರಿಗೆ ಎಷ್ಟು ಕಾಗುಣಿತಗಳಿದ್ದರೂ ಈ ಹಾಳೆ ಓದುಗನನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸುತ್ತದೆ.

ಈಗ ಆ ರಾತ್ರಿಯ ವಿಷಯಕ್ಕೆ ಬರುತ್ತೇನೆ. ಪಟ್ಟಿಯ ಪ್ರತಿ ಸಾಲಿಗೂ ನಾನು ಒಂದೇ ಪ್ರಶ್ನೆ ಕೇಳುತ್ತ ಹೋದೆ: ಇದರ ಪ್ರತಿ ನಿಮ್ಮ ಹತ್ತಿರ ಇದೆಯೇ? ಕಾಗದದ್ದಾಗಲಿ, ಕಂಪ್ಯೂಟರಿನಲ್ಲಾಗಲಿ. ಫೂಟ್ ಅವರ ಸಾಲಿಗೆ ಬಂದಾಗ ಅವರು ನಕ್ಕುಬಿಟ್ಟರು. “ಫೂಟ್ ಸಾಹೇಬ್ರನ್ನ ನಾ ಓದಿಲ್ರಿ ಸರ. ಎಲ್ಲಾರೂ ಹಾಕ್ಯಾರ ಅಂತ ನಾನೂ ಹಾಕೀನಿ.” ಎರಡು ಬೇರೆ ಬೇರೆ ಲೇಖನಗಳ ಪಟ್ಟಿಗಳಿಂದ ಇಳಿಸಿಕೊಂಡದ್ದರಿಂದಲೇ ಅವರಲ್ಲಿ ಇಬ್ಬರು ಫೂಟ್ ಹುಟ್ಟಿದ್ದರು. 38ರಲ್ಲಿ 12 ಮೂಲಗಳು ಇಂಥವು.

ಇದು ಸೇಡಂನ ದೋಷವಲ್ಲ, ಜಗತ್ತಿನದೇ ಅಭ್ಯಾಸ. ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬಿಬ್ಬರು ಭೌತವಿಜ್ಞಾನಿಗಳು 2003ರಲ್ಲಿ ಒಂದು ಸ್ವಾರಸ್ಯದ ಲೆಕ್ಕ ಪ್ರಕಟಿಸಿದರು. ಪ್ರಸಿದ್ಧ ಲೇಖನವೊಂದನ್ನು ಸುಮಾರು 4300 ಕಡೆ ಉಲ್ಲೇಖಿಸಿದ್ದರು. ಅವುಗಳಲ್ಲಿ 196 ಕಡೆ ಸಂಪುಟವೋ ಪುಟವೋ ತಪ್ಪಾಗಿ ಅಚ್ಚಾಗಿತ್ತು. ಆದರೆ ಬೇರೆ ಬೇರೆ ಬಗೆಯ ತಪ್ಪುಗಳು 45 ಮಾತ್ರ. ಒಂದೇ ತಪ್ಪು 78 ಸಲ ಬಂದಿತ್ತು. ಪರೀಕ್ಷೆಯಲ್ಲಿ ಪಕ್ಕದವನ ತಪ್ಪನ್ನೂ ಸೇರಿಸಿ ನಕಲು ಮಾಡುವ ಹುಡುಗನನ್ನು ನಾವು ಹಿಡಿಯುವುದು ಹೀಗೆಯೇ ಅಲ್ಲವೇ? ಉಲ್ಲೇಖಿಸುವವರಲ್ಲಿ ಮೂಲ ಓದುವವರು ಐವರಲ್ಲಿ ಒಬ್ಬರಷ್ಟೇ ಎಂದು ಅವರು ಅಂದಾಜು ಮಾಡಿದರು. ಇನ್ನೂ ವಿಚಿತ್ರವಾದ ಪ್ರಸಂಗ 2017ರಲ್ಲಿ ಬೆಳಕಿಗೆ ಬಂತು. ವ್ಯಾನ್ ಡರ್ ಗೀರ್ ಮತ್ತಿತರರು 2000ದಲ್ಲಿ ಬರೆದರೆನ್ನಲಾದ, ವಿಜ್ಞಾನ ಲೇಖನ ಬರೆಯುವ ಕಲೆ ಕುರಿತ ಲೇಖನವನ್ನು ಸುಮಾರು ನಾನೂರು ಕಡೆ ಉಲ್ಲೇಖಿಸಲಾಗಿತ್ತು. ಅಂಥ ಲೇಖನವೇ ಇಲ್ಲ! ದೊಡ್ಡ ಪ್ರಕಾಶನ ಸಂಸ್ಥೆಯೊಂದು ‘ಪಟ್ಟಿಯನ್ನು ಹೀಗೆ ಬರೆಯಿರಿ’ ಎಂದು ತನ್ನ ನಮೂನೆಯಲ್ಲಿ ಕೊಟ್ಟಿದ್ದ ಕಾಲ್ಪನಿಕ ಮಾದರಿಯದು. ಅದನ್ನು ಅಳಿಸುವುದನ್ನು ಮರೆತವರು ಕೆಲವರು, ನಂಬಿದವರು ಕೆಲವರು.

ಈಗ ಕೃತಕ ಬುದ್ಧಿಮತ್ತೆಯ ಸರದಿ. ಕೇಳಿದರೆ ಹತ್ತು ಆಕರಗಳನ್ನು ಸಂಪುಟ, ಪುಟ ಸಮೇತ ಅದು ಒಪ್ಪವಾಗಿ ಕೊಡುತ್ತದೆ. ಅವುಗಳಲ್ಲಿ ಕೆಲವು ಎಲ್ಲಿಯೂ ಇರುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಹೀಗೆ ಸಿಕ್ಕ, ನಡೆದೇ ಇರದ ಮೊಕದ್ದಮೆಗಳನ್ನು ನ್ಯಾಯಾಲಯದ ಮುಂದಿಟ್ಟು 5000 ಡಾಲರ್ ದಂಡ ತೆತ್ತರು. ನಮೂನೆ ಸರಿಯಿದ್ದ ಮಾತ್ರಕ್ಕೆ ಮೂಲ ಇದೆಯೆಂದಲ್ಲ. ಈಗ ಇದೇ ದೊಡ್ಡ ಅಪಾಯವೆಂದು ನನಗೆ ತೋರುತ್ತದೆ, ಏಕೆಂದರೆ ಹಿಂದೆ ಅವಸರದ ಪಟ್ಟಿ ಅವಸರದ್ದೆಂದು ಕಣ್ಣಿಗೆ ಕಾಣುತ್ತಿತ್ತು.

ಹಾಗಾದರೆ ಮೂಲ ಸಿಗದೇ ಹೋದರೆ? ಅದಕ್ಕೂ ದಾರಿಯಿದೆ, ಉದಾಹರಣೆ ಸೇಡಂ ತಾಲ್ಲೂಕಿನಲ್ಲಿಯೇ ಇದೆ. ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಆ ಆಸ್ಥಾನದ ಗ್ರಂಥ. ಅದರಲ್ಲಿ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಹಿಂದಿನ ಗದ್ಯಲೇಖಕರ ಹೆಸರುಗಳು ಬರುತ್ತವೆ. ಅವರ ಕನ್ನಡ ಗದ್ಯ ಕೃತಿಗಳು ನಮಗೆ ದೊರೆತಿಲ್ಲ. ಆದ್ದರಿಂದ ವಿಮಳೋದಯನ ಬಗ್ಗೆ ಬರೆಯುವವರು ಅವನ ಗ್ರಂಥವನ್ನು ಪಟ್ಟಿಗೆ ಸೇರಿಸುವುದಿಲ್ಲ. ‘ಕವಿರಾಜಮಾರ್ಗದಲ್ಲಿ ಹೆಸರಿಸಿರುವಂತೆ’ ಎಂದು ಒಳಗೆ ಹೇಳಿ, ಪಟ್ಟಿಯಲ್ಲಿ ಕವಿರಾಜಮಾರ್ಗದ ಯಾವ ಮುದ್ರಣ ನೋಡಿದರೋ ಅದನ್ನು ಕೊಡುತ್ತಾರೆ. ನೀವು ಕೈಯಲ್ಲಿ ಹಿಡಿದ ಪುಸ್ತಕ ಯಾವುದೋ ಅದು ಪಟ್ಟಿಯಲ್ಲಿರಲಿ. (ಅದರ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆ ಬೇರೆ ಇದೆ. ಕೆ.ಬಿ. ಪಾಠಕರು 1898ರಲ್ಲಿ ಅಚ್ಚು ಮಾಡಿಸಿದಾಗ ನೃಪತುಂಗನ ಹೆಸರಿತ್ತು. ಮುಖಪುಟದಲ್ಲಿ ಇದ್ದಂತೆ ಕೊಡಿ, ಚರ್ಚೆ ಲೇಖನದೊಳಗೆ ಇರಲಿ.)

ಫೂಟ್ ಅವರ ಗ್ರಂಥವಾದರೋ ಕಳೆದುಹೋದದ್ದಲ್ಲ. ಹಳೆಯ ಮೆಮಾಯರ್‌ಗಳನ್ನು ಗ್ರಂಥಾಲಯಗಳು ಸ್ಕ್ಯಾನ್ ಮಾಡಿ ಅಂತರಜಾಲದಲ್ಲಿ ಇಟ್ಟಿವೆ. ಅದನ್ನು ಓದಿದ ಮೇಲೆ ಹಾಕಬಹುದು, ಓದದಿದ್ದರೆ ಬಿಡಬಹುದು. ಇನ್ನೊಬ್ಬರ ಪಟ್ಟಿಯಿಂದ ಎತ್ತಿ ಹಾಕುವುದು ಮಾತ್ರ ಬೇಡ.

ಅಂದು ರಾತ್ರಿ ಹನ್ನೊಂದರ ಹೊತ್ತಿಗೆ ನಾವು ನಿಜವಾದ ಪೆಟ್ಟು ತಿಂದದ್ದು 23ನೆಯ ಸಾಲಿನಲ್ಲಿ. ಬಾವಿಗಳ ನೀರು ಹಿಂದೆ ಎಷ್ಟು ಆಳದಲ್ಲಿತ್ತು ಎಂಬ ಅಂಕಿಗೆ ಅವರು ಒಂದು ಹಳೆಯ ಸರಕಾರಿ ವರದಿಯನ್ನು ಆಕರವಾಗಿ ಕೊಟ್ಟಿದ್ದರು. ಲೇಖನದ ತೀರ್ಮಾನವೆಲ್ಲ ಆ ಅಂಕಿಯ ಮೇಲೆಯೇ ನಿಂತಿತ್ತು: ಹಿಂದೆ ನೀರು ಬಹಳ ಆಳದಲ್ಲಿತ್ತು, ಖಣಿಗಳಲ್ಲಿ ನೀರು ನಿಂತ ಮೇಲೆ ಮೇಲಕ್ಕೆ ಬಂದಿದೆ ಎಂದು. ವರದಿಯನ್ನು ನೋಡಿದ್ದೀರಾ ಎಂದೆ. ನೋಡಿರಲಿಲ್ಲ, ಒಂದು ಪಿಎಚ್.ಡಿ. ಪ್ರಬಂಧದಲ್ಲಿ ಅದರ ಉಲ್ಲೇಖವಿತ್ತು. ಎರಡು ವಾರಗಳ ನಂತರ ವರದಿಯ ಪ್ರತಿ ಅವರ ಕೈಗೆ ಸಿಕ್ಕಿತು. ಅಂಕಿ ಅದೇ. ಆದರೆ ವರದಿಯಲ್ಲಿದ್ದದ್ದು ಅಡಿ, ಪ್ರಬಂಧದಲ್ಲಿದ್ದದ್ದು ಮೀಟರ್. ಎಲ್ಲೋ ಬೆರಳಚ್ಚಿನ ಹಂತದಲ್ಲಿ ಮಾನ ಬದಲಾಗಿತ್ತು. ಒಂದು ಮೀಟರ್ ಎಂದರೆ ಮೂರು ಅಡಿಗಿಂತ ಹೆಚ್ಚು. ಅಡಿಯೆಂದು ಓದಿದರೆ ಬಾವಿಗಳ ನೀರು ಅಂದಿಗೂ ಇಂದಿಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದೆ.

ಅವರು ಫೋನಿನಲ್ಲಿ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆ ಲೇಖನ ಅಚ್ಚಾಗಿದ್ದರೆ, ಹಳೆಯ ಖಣಿಗಳನ್ನು ಹಾಗೆಯೇ ಬಿಟ್ಟರೆ ಬಾವಿಗೆ ನೀರು ಬರುತ್ತದೆ ಎಂದು ಯಾರಾದರೂ ಅದನ್ನೇ ಆಧಾರವಾಗಿ ತೋರಿಸುತ್ತಿದ್ದರು. ನಾನೇ ತೋರಿಸುತ್ತಿದ್ದೆನೇನೋ; ನನ್ನ ಸ್ಕ್ರಿಪ್ಟಿನ ಮೊದಲ ಕರಡಿನಲ್ಲಿ ಆ ವಾಕ್ಯ ಇತ್ತು.

ಇದರ ಜೊತೆಗೆ ಇನ್ನೊಂದು ಎಚ್ಚರ. ನೀವು ಓದಿದ ಲೇಖನವನ್ನು ಆಮೇಲೆ ಯಾರಾದರೂ ತಿದ್ದಿದ್ದಾರೆಯೇ ಎಂದೂ ನೋಡಬೇಕು. ಭೋಪಾಲದ ಬಳಿಯ ಭೀಮ್‌ಬೇಟ್ಕಾ ಗುಹೆಯ ಚಾವಣಿಯಲ್ಲಿ ಡಿಕಿನ್ಸೋನಿಯಾ ಎಂಬ ಅತಿ ಪ್ರಾಚೀನ ಜೀವಿಯ ಪಳೆಯುಳಿಕೆ ಸಿಕ್ಕಿತೆಂದು 2021ರಲ್ಲಿ ಲೇಖನ ಬಂದಿತ್ತು. 2023ರಲ್ಲಿ ಬೇರೊಂದು ತಂಡ ಅಲ್ಲಿಗೆ ಹೋಗಿ ನೋಡಿ, ಅದು ಜೇನುಗೂಡು ಕಿತ್ತು ಉಳಿದ ಗುರುತು ಎಂದು ತೋರಿಸಿತು. ಮೊದಲ ಲೇಖನದ ಮುಖ್ಯ ಲೇಖಕರೂ ಅದನ್ನು ಒಪ್ಪಿಕೊಂಡರು. ಮೊದಲನೆಯದನ್ನು ಮಾತ್ರ ಪಟ್ಟಿಗೆ ಹಾಕಿದವರು ಈಗಲೂ ಜೇನುಗೂಡನ್ನು ಪಳೆಯುಳಿಕೆ ಎನ್ನುತ್ತಿರುತ್ತಾರೆ.

ಪತ್ರಿಕೆಯಲ್ಲದ ಮೂಲಗಳ ಬಗ್ಗೆ ಹಲವರು ಕೇಳಿದ್ದಾರೆ. ಪುಸ್ತಕವಾದರೆ ಪ್ರಕಾಶಕರು ಮತ್ತು ಊರು, ಪ್ರಬಂಧವಾದರೆ ವಿಶ್ವವಿದ್ಯಾಲಯ, ಇಲಾಖೆಯ ವರದಿಯಾದರೆ ಅದರ ಸಂಖ್ಯೆ, ಜಾಲತಾಣವಾದರೆ ನೀವು ನೋಡಿದ ದಿನಾಂಕ. ಕನ್ನಡ ಪುಸ್ತಕವನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಹೆಸರಿಸುವಾಗ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಕೊಟ್ಟು, ಅರ್ಥವನ್ನು ಚೌಕ ಕಂಸದಲ್ಲಿ ಹಾಕಿ, ‘ಕನ್ನಡದಲ್ಲಿದೆ’ ಎಂದು ಸೂಚಿಸಿ. ಕನ್ನಡವೆಂದು ಹಿಂಜರಿದು ಬಿಡಬೇಡಿ. ಶಾಸನವಾದರೆ ಕಲ್ಲು ಇರುವ ಊರಿನ ಜೊತೆಗೆ ಅದರ ಪಾಠ ಅಚ್ಚಾದ ಮಾಲೆಯನ್ನೂ ಹೇಳಬೇಕು. ಚಿತ್ತಾಪುರದ ಪಕ್ಕದ ನಾಗಾವಿಯ ಶಾಸನಗಳು 1928ರಲ್ಲಿ ‘ಹೈದರಾಬಾದ್ ಆರ್ಕಿಯಾಲಾಜಿಕಲ್ ಸೀರೀಸ್’ನ 8ನೆಯ ಸಂಖ್ಯೆಯಾಗಿ ಬಂದಿವೆ. ಅಲ್ಲಿಯ ಘಟಿಕಾಸ್ಥಾನದ 1058ರ ಶಾಸನದಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರ ಮಾತು ಬರುತ್ತದೆ, ಎಂದರೆ ಗ್ರಂಥಪಾಲಕರು. ಸಾವಿರ ವರ್ಷದ ಹಿಂದೆ ಆರು ಜನ! ಇಂದು ನಮ್ಮ ಎಷ್ಟು ಪದವಿ ಕಾಲೇಜುಗಳಲ್ಲಿ ಒಬ್ಬರಾದರೂ ಪೂರ್ಣಾವಧಿ ಗ್ರಂಥಪಾಲಕರಿದ್ದಾರೆ ಎಂದು ಕೇಳಬೇಕೆನಿಸುತ್ತದೆ.

ಮಣ್ಣು ಪ್ರಯೋಗಾಲಯದ ಮಿತ್ರರ ಪ್ರಶ್ನೆ ಉಳಿಯಿತು: ತಮ್ಮ ರಿಜಿಸ್ಟರಿನ ಅಂಕಿಗಳನ್ನು ಯಾರೋ ಬಳಸಿಕೊಂಡರೆ ಪಟ್ಟಿಯಲ್ಲಿ ಬರಬೇಕೇ? ಅಚ್ಚಾಗದ, ಬೇರೆಯವರು ಬಂದು ನೋಡಲಾಗದ ದಾಖಲೆ ಸಾಮಾನ್ಯವಾಗಿ ಪಟ್ಟಿಗೆ ಬರುವುದಿಲ್ಲ. ಲೇಖನದೊಳಗೆ ‘ಇಂಥ ಪ್ರಯೋಗಾಲಯದ ಅಪ್ರಕಟಿತ ದಾಖಲೆ, ಇಂಥ ವರ್ಷ’ ಎಂದು ಬರಬೇಕು; ಬಾಯಿಮಾತಿನಿಂದ ತಿಳಿದದ್ದನ್ನೂ ಹಾಗೆಯೇ, ಹೇಳಿದವರ ಒಪ್ಪಿಗೆ ಪಡೆದು ಕೊಡಬೇಕು. ಆದ್ದರಿಂದ, ಕೇಳಿ ಬಂದವರಿಗೆ ನೀವು ಅಂಕಿ ಕೊಡುವಾಗಲೇ ಅವರಿಂದ ಎರಡು ಸಾಲು ಬರೆಸಿಟ್ಟುಕೊಳ್ಳುವುದು ಮೇಲು.

ಸೇಡಂನ ಲೇಖನ ಮತ್ತೆ ಹೋಗಿದೆ, ಈ ಸಲ ತಜ್ಞರ ಪರಿಶೀಲನೆಯಲ್ಲಿದೆ. ಪಟ್ಟಿ 38ರಿಂದ 27ಕ್ಕೆ ಇಳಿದಿದೆ. ತೀರ್ಮಾನ ಬದಲಾಗಿದೆ: ಅಳೆದ ಬಾವಿಗಳಲ್ಲಿ ನೀರು ಏರಿದ್ದು ಕಂಡುಬಂದಿಲ್ಲ ಎಂದು ಬರೆದಿದ್ದಾರೆ. ಇಂಥ ಫಲಿತಾಂಶವನ್ನು ಯಾರು ಅಚ್ಚು ಮಾಡುತ್ತಾರೆ ಎಂಬ ಅಳುಕು ಅವರಿಗಿದೆ. ಫೂಟ್ ಅವರನ್ನು ಓದಿ ಮುಗಿಸಿದ್ದಾರೆ, ಒಂದೇ ಸಾಲಿನಲ್ಲಿ, ‘ಎಫ್’ ಅಡಿಯಲ್ಲಿ ಹಾಕಿದ್ದಾರೆ.